ಹಿಂದೆ ಬರುವ ಬಸ್ಸು

ಮೂರು ವರ್ಷದ ಹಿಂದೆ, ಮದ್ದೂರಿನಲ್ಲಿ,
ನನ್ನ ಬಸ್ಸು ನನ್ನನ್ನೇ ಬಿಟ್ಟು ಹೊರಟಿತ್ತು.
ಶೌಚಾಲಯದಿಂದ ಬರುವಷ್ಟರಲ್ಲಿ
ಯಾವನೋ ತರಲೆ ಹುಡುಗ ‘ರೈಟ್’ ಅಂದಿದ್ದನಂತೆ,
ಮರಿಸ್ವಾಮಣ್ಣ ಗೇರು ಹಾಕಿದ್ದನಂತೆ.
ಹೆಗಲಲ್ಲಿ ಚಿಲ್ಲರೆ ಚೀಲ, ಕೈಯಲ್ಲಿ ಟಿಕೆಟ್ ಮೆಷೀನು,
ಓಡಿದೆ. ಶಿಂಷಾ ಸೇತುವೆಯ ತನಕ ಓಡಿದೆ.
ಸೀಟು ಸೀಟಿನ ಜನ ಕಿಟಕಿಗೆ ತಲೆ ಕೊಟ್ಟು ನಕ್ಕರು.
ಹತ್ತಿದ ಮೇಲೆ ಏದುತ್ತ ನಾನೂ ನಕ್ಕೆ.
ರಾತ್ರಿ ದೀಪ ಆರಿಸಿದಾಗ ಮಾತ್ರ
ಕಾಲು ಕೇಳಿತು: ಇನ್ನೊಂದು ಸಲ ಓಡೋಣವಾ?

ಇವತ್ತು ಭಾನುವಾರ. ಮೈಸೂರು, ಓವಲ್ ಮೈದಾನ, ಬೆಳಗಿನ ಐದೂವರೆ.
ಎದೆಗೆ ನಾಲ್ಕು ಪಿನ್ನು, ನಂಬರು ಎರಡು ಸಾವಿರದ ಹದಿನೇಳು.
ಸುತ್ತಲೂ ನೋವಿನ ಮುಲಾಮಿನ ಘಾಟು,
ಗಡಿಯಾರ ಒತ್ತಲು ಕಾದ ಬೆರಳುಗಳು.
ನನ್ನ ಲೆಕ್ಕ ಬೇರೆ. ದೂರ ಅಂದರೆ ನನಗೆ ಸ್ಟೇಜು.
ಇಪ್ಪತ್ತೊಂದು ಕಿಲೋಮೀಟರು
ಮಂಡ್ಯದಿಂದ ಮದ್ದೂರಿಗೆ, ವಸಿ ಮುಂದಕ್ಕೆ:
ಒಂದು ಟಿಕೆಟ್ಟು, ಒಂದು ಸಣ್ಣ ತೂಕಡಿಕೆ,
ಪಕ್ಕದವರ ಮಗಳ ಮದುವೆ ಸುದ್ದಿ
ಛತ್ರದವರೆಗೆ ಬಂದು ನಿಲ್ಲುವಷ್ಟು.

ಮೃಗಾಲಯದ ಗೋಡೆಯಾಚೆ ಗಿಬ್ಬನ್ನುಗಳು
ಕತ್ತಲನ್ನು ಹಿಡಿದು ಜಗ್ಗಿದವು.
ಲಲಿತಮಹಲ್ ರಸ್ತೆಯಲ್ಲಿ ಒಬ್ಬೊಬ್ಬರೇ ನನ್ನನ್ನು ದಾಟಿದರು.
ಬರಿಗಾಲ ಮುದುಕರೊಬ್ಬರು ತಿರುಗಿ,
‘ನಿಧಾನ ಕಣವ್ವ, ರಸ್ತೆ ಎಲ್ಲೂ ಹೋಗಲ್ಲ’ ಎಂದು
ತಾವು ಹೋಗಿಯೇ ಬಿಟ್ಟರು.
ವರುಣದ ಹತ್ತಿರ ತಿರುವು. ಅಲ್ಲಿ ನೀರು ಕೊಡುವ ಹುಡುಗಿ
ಮೇಜು ಮಡಚುತ್ತಿದ್ದಳು,
ನನ್ನ ಕಂಡು ಮತ್ತೆ ಬಿಚ್ಚಿದಳು.
ಅಷ್ಟಕ್ಕೇ ಕಣ್ಣು ತುಂಬಿತು. ಏನಕ್ಕೆಂದು ಈಗಲೂ ಗೊತ್ತಿಲ್ಲ.

ಹದಿನಾರರಲ್ಲಿ ಬಲಗಡೆ ಮಂಡಿ ಬಾಯಿ ಬಿಟ್ಟಿತು.
ಹದಿನೇಳರಲ್ಲಿ ಬಿಸಿಲು.
ಆಮೇಲೆ ಆ ಸದ್ದು. ತಿರುಗಿ ನೋಡಬೇಕಿಲ್ಲ,
ಇಪ್ಪತ್ತು ವರ್ಷ ಅದರ ಹೊಟ್ಟೆಯೊಳಗೆ ನಿಂತವಳು ನಾನು:
ಎರಡನೇ ಗೇರು, ಸವೆದ ಕ್ಲಚ್ಚು.
ಆಗದವರನ್ನು ಗುಡಿಸಿಕೊಂಡು ಬರಲು
ಬಾಡಿಗೆಗೆ ಹಿಡಿದ ಸಿಟಿ ಬಸ್ಸು.
ಬಾಗಿಲಲ್ಲಿ ಎಳೇ ಕಂಡಕ್ಟರು ಜೋತುಬಿದ್ದಿದ್ದ.
‘ಹತ್ತಿ ಮೇಡಂ, ಸೀಟು ಖಾಲಿ ಇದೆ.
ಹೆಂಗಸರಿಗೆ ಹೆಂಗೂ ಫ್ರೀ.’
ಒಳಗೆ ಮೂರು ಮುಖ, ಶೂ ಬಿಚ್ಚಿದ ಪಾದಗಳು.
ಈ ಸಲ ಕಿಟಕಿಯಲ್ಲಿ ಯಾರೂ ನಗಲಿಲ್ಲ.

ಸೀಟು ಖಾಲಿ ಇದೆ ಅಂತ
ದಿನಕ್ಕೆ ನೂರು ಸಲ ನಾನೇ ಕೂಗಿದ್ದೇನೆ, ಬಹುಪಾಲು ಸುಳ್ಳು.
ಇವನು ನಿಜ ಹೇಳುತ್ತಿದ್ದ.
ಮುಚ್ಚಿಡುವುದೇನು, ನನ್ನ ಒಂದು ಕಾಲು
ಆಗಲೇ ಮೆಟ್ಟಿಲ ಕಡೆಗೆ ತಿರುಗಿತ್ತು.
ಕೊರಳಲ್ಲಿ ವಿಷಲ್ ಇರಲಿಲ್ಲ.
ನಾಲಿಗೆ ಮಡಿಸಿ, ಇದ್ದಬದ್ದ ಉಸಿರಲ್ಲಿ
ಎರಡು ಸಲ ಊದಿದೆ.
ಎರಡಂದರೆ ಹೊರಡು. ಡ್ರೈವರು ಪಾಪ,
ಯಾರು ಊದಿದ್ದೆಂದು ನೋಡದೆ ಹೊರಟೇ ಬಿಟ್ಟ!
ನೂರು ಗಜ ಮುಂದೆ ಹೋಗಿ ನಾಚಿಕೊಂಡು ನಿಂತ.
ನಾನು ಬಸ್ಸನ್ನು ದಾಟಿದೆ.
ಅಲ್ಲಿಂದ ಮೈದಾನದ ತನಕ
ಮನೆ ದಾರಿ ಮರೆತ ಎಮ್ಮೆಯ ಹಾಗೆ
ಅದು ನನ್ನ ಹಿಂದೆ ಹಿಂದೆಯೇ ಬಂತು.

ಕಮಾನಿನ ಗಾಳಿ ಬಿಡುತ್ತಿದ್ದರು.
ಬಗ್ಗಿದ ಕಮಾನಿನಡಿ ನಾನೂ ಬಗ್ಗಿ ಒಳಗೆ ಬಂದೆ.
ಮೂರು ಗಂಟೆ ಇಪ್ಪತ್ತೆರಡು ನಿಮಿಷ.
ಉಪ್ಪಿಟ್ಟು ಮುಗಿದಿತ್ತು, ಕೇಸರಿಬಾತು ತಳ ಹಿಡಿದಿತ್ತು.
ಪದಕದ ಪೆಟ್ಟಿಗೆ ಹುಡುಕಿ ತಂದವನು ಹೆಸರು ಕೇಳಿದ.
ಜವರಮ್ಮ, ಎಂದೆ. ಬಿಲ್ಲೆ ನಂಬರೂ ಬಾಯಿಗೆ ಬಂದಿತ್ತು.

ಮರಿಸ್ವಾಮಣ್ಣ ಫೋನು ಮಾಡಿದ:
‘ಎಷ್ಟನೆಯವಳು ಬಂದ್ಯವ್ವ?’
‘ಬಸ್ಸಿಗಿಂತ ಮೊದಲು ಕಣಣ್ಣ.’
ಅವನಿಗೆ ಅರ್ಥವಾಗಲಿಲ್ಲ.

ಮಧ್ಯಾಹ್ನದ ಮಂಡ್ಯ ಬಸ್ಸು ಅರ್ಧ ಖಾಲಿ.
ಗುರುತಿನ ಕಂಡಕ್ಟರು, ಕೂರಕ್ಕ ಕೂರಕ್ಕ ಅಂದಳು.
ಕೂತರೆ ಏಳಲಾರೆನೆಂದು
ಕಂಬಿ ಹಿಡಿದು ನಿಂತೇ ಬಂದೆ.
ಅದೇನೂ ನನಗೆ ಹೊಸದಲ್ಲ.